ಯಂತ್ರಯುಗದ ಅಂಬಿಗ

ನೇಗಿಲು, ಗಾಣ, ಉಗಿಯಂತ್ರ, ವಿದ್ಯುತ್ ಮೋಟಾರು ಇವೆಲ್ಲವೂ ಮನುಷ್ಯನ ತೋಳಿನ ಶ್ರಮವನ್ನು ಹಗುರಗೊಳಿಸಿದವು. ಆದರೆ ಎಲ್ಲಿ ಉಳಬೇಕು, ಏನನ್ನು ಅರೆಯಬೇಕು ಎಂಬ ತೀರ್ಮಾನ ಮನುಷ್ಯನಲ್ಲಿಯೇ ಉಳಿದಿತ್ತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ಸ್ಥಿತಿ ಬದಲಾಗತೊಡಗಿತು. ಲೆಕ್ಕ ಹಾಕುವ, ನೆನಪಿಟ್ಟುಕೊಳ್ಳುವ, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಯಂತ್ರಗಳು ಹುಟ್ಟಿದವು. ತೋಳಿನ ಕೆಲಸದೊಡನೆ ತಲೆಯ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಬಹುದೆಂಬ ಆಸೆ ಉದ್ಯಮಗಳಲ್ಲಿ ಮೂಡಿತು. ಅಂತಹ ಯಂತ್ರಗಳ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರಾಗಿದ್ದೂ, ಅವುಗಳ ಬಳಕೆಗೆ ಮನುಷ್ಯನೇ ಹೊಣೆ ಹೊರಬೇಕೆಂದು ಆರಂಭದಲ್ಲಿಯೇ ಎಚ್ಚರಿಸಿದವರು ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್.

ವೀನರ್ 1894ನೆಯ ಇಸವಿ ನವೆಂಬರ್ 26ರಂದು ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಎಂಬ ಊರಿನಲ್ಲಿ ಜನಿಸಿದರು. ತಾಯಿ ಬರ್ತಾ, ತಂದೆ ಲಿಯೊ ವೀನರ್. ಅಂದಿನ ರಷ್ಯಾ ಚಕ್ರಾಧಿಪತ್ಯದಲ್ಲಿ, ಯೆಹೂದಿ ಮನೆತನದಲ್ಲಿ ಹುಟ್ಟಿದ ಲಿಯೊ ತಾರುಣ್ಯದಲ್ಲಿ ಅಮೆರಿಕಕ್ಕೆ ವಲಸೆ ಬಂದವರು. ಹಲವು ಭಾಷೆಗಳಲ್ಲಿ ಪಾರಂಗತರಾಗಿದ್ದ ಅವರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ಲಾವಿಕ್ ಭಾಷೆಗಳ ಪ್ರಾಧ್ಯಾಪಕರಾದರು. ಟಾಲ್‌ಸ್ಟಾಯ್ ಅವರ ಕೃತಿಗಳನ್ನು 24 ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದರು. ಆ ಮಹಾಲೇಖಕರಂತೆಯೇ ಲಿಯೊ ಸಸ್ಯಾಹಾರದ ವ್ರತ ಹಿಡಿದಿದ್ದರು. ಮಗನೂ ಬಾಳಿನುದ್ದಕ್ಕೂ ಸಸ್ಯಾಹಾರಿಯಾಗಿಯೇ ಉಳಿದನು.

ಬಾಲಕ ನಾರ್ಬರ್ಟನಿಗೆ ಮನೆಯೇ ಮೊದಲ ಪಾಠಶಾಲೆ, ತಂದೆಯೇ ಗುರು. ಆ ಗುರು ಬಹಳ ಕಠಿಣ. ಲೆಕ್ಕದಲ್ಲಿ ಒಂದು ಚಿಕ್ಕ ತಪ್ಪಾದರೂ ಮಗ ಕಣ್ಣೀರಿಡುವವರೆಗೆ ಗದರುತ್ತಿದ್ದರು. ಎಂಟನೆಯ ವಯಸ್ಸಿನಲ್ಲಿ ಹುಡುಗನ ದೃಷ್ಟಿ ಮಂದವಾಗಿ, ಆರು ತಿಂಗಳು ಪುಸ್ತಕ ಮುಟ್ಟಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಆಗಲೂ ಪಾಠ ನಿಲ್ಲಲಿಲ್ಲ. ತಂದೆ ಬಾಯಲ್ಲಿ ಹೇಳಿದ ಗಣಿತವನ್ನು ಮಗ ಮನಸ್ಸಿನಲ್ಲಿಯೇ ಬಿಡಿಸುತ್ತಿದ್ದನು. ಹನ್ನೊಂದನೆಯ ವಯಸ್ಸಿಗೆ ಕಾಲೇಜು ಸೇರಿ, ಹದಿನಾಲ್ಕಕ್ಕೆ ಪದವಿ ಪಡೆದು, 1913ರಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದನು. ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುತ್ತದೆಂದು ಜನ ಕೊಂಡಾಡಿದರು.

ಆದರೆ ಈ ಕೀರ್ತಿಯ ಹಿಂದೆ ಒಂದು ನೋವಿತ್ತು. ತನ್ನ ಮಗ ಹುಟ್ಟಿನಿಂದ ಅಸಾಧಾರಣನೇನೂ ಅಲ್ಲ, ತಾನು ಕೊಟ್ಟ ತರಬೇತಿಯೇ ಈ ಯಶಸ್ಸಿಗೆ ಕಾರಣವೆಂದು ಲಿಯೊ ಪತ್ರಿಕೆಗಳಲ್ಲಿ ಸಾರಿದ್ದರು. ಗೆಲುವೆಲ್ಲ ತಂದೆಯದು, ಸೋಲೆಲ್ಲ ತನ್ನದು ಎಂಬ ಭಾವ ಬಾಲಕನ ಎದೆಯಲ್ಲಿ ನಾಟಿತು. ದೊಡ್ಡವರಾದ ಮೇಲೆ ಬರೆದ ಆತ್ಮಕಥೆಯಲ್ಲಿ ವೀನರ್ ಈ ನೋವನ್ನು ಮರೆಮಾಚಲಿಲ್ಲ. ಮನುಷ್ಯನನ್ನು ತಯಾರಿಸಿದ ವಸ್ತುವಿನಂತೆ ಕಾಣುವುದನ್ನು ಅವರು ಮುಂದೆ ಜೀವಮಾನವಿಡೀ ವಿರೋಧಿಸಿದರು. ಆ ವಿರೋಧದ ಒಂದು ಬೇರು ಈ ಬಾಲ್ಯದಲ್ಲಿಯೇ ಇದ್ದಿರಬೇಕು.

ಡಾಕ್ಟರೇಟಿನ ತರುವಾಯ ವೀನರ್ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನಲ್ಲಿ ಬರ್ಟ್ರಂಡ್ ರಸೆಲ್ ಅವರ ಬಳಿಯಲ್ಲಿ, ಜರ್ಮನಿಯ ಗಟಿಂಗನ್‌ನಲ್ಲಿ ಹಿಲ್ಬರ್ಟ್ ಅವರ ಬಳಿಯಲ್ಲಿ ಅಧ್ಯಯನ ಮಾಡಿದರು. 1905ರಲ್ಲಿ ಐನ್‌ಸ್ಟೈನ್ ಬರೆದ ಲೇಖನಗಳನ್ನು ಓದುವಂತೆ ಅವರಿಗೆ ಸೂಚಿಸಿದವರು ರಸೆಲ್. 1919ರಲ್ಲಿ ವೀನರ್ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. 1960ರಲ್ಲಿ ನಿವೃತ್ತರಾಗುವವರೆಗೂ ಅದೇ ಅವರ ಕರ್ಮಭೂಮಿ. ಸಂಸ್ಥೆಯ ಎದುರಿಗೆ ಚಾರ್ಲ್ಸ್ ನದಿ ಹರಿಯುತ್ತದೆ. ಕ್ಷಣಕ್ಷಣವೂ ಬದಲಾಗುವ ಅದರ ಅಲೆಗಳನ್ನು ಗಣಿತದ ನಿಯಮಕ್ಕೆ ಒಳಪಡಿಸುವುದು ಹೇಗೆಂದು ಅವರು ಯೋಚಿಸುತ್ತಿದ್ದರು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಗೊತ್ತುಗುರಿಯಿಲ್ಲದ ಚಲನೆಯನ್ನು ಕುರಿತು ಅವರು ರೂಪಿಸಿದ ಗಣಿತವು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಎರಡನೆಯ ಮಹಾಯುದ್ಧ ಬಂದಿತು. ಶತ್ರುವಿಮಾನಗಳನ್ನು ಹೊಡೆದುರುಳಿಸುವ ಫಿರಂಗಿಗಳಿಗೆ ಗುರಿ ಹಿಡಿಸುವ ಕಾರ್ಯದಲ್ಲಿ ವೀನರ್ ತೊಡಗಿದರು. ಫಿರಂಗಿಯ ಗುಂಡು ಆಕಾಶವನ್ನು ತಲಪುವಷ್ಟರಲ್ಲಿ ವಿಮಾನ ಬಹುದೂರ ಹೋಗಿರುತ್ತದೆ. ಆದುದರಿಂದ ವಿಮಾನವಿರುವ ಕಡೆಗಲ್ಲ, ಅದು ಇರಲಿರುವ ಕಡೆಗೆ ಗುರಿಯಿಡಬೇಕು. ಹಿಂದಿನ ಚಲನೆಯನ್ನು ನೋಡಿ ಮುಂದಿನದನ್ನು ಊಹಿಸುವ ಗಣಿತವನ್ನು ವೀನರ್ ರಚಿಸಿದರು. ಅವರ ಸಹಾಯಕ್ಕೆ ಜೂಲಿಯನ್ ಬಿಗೆಲೊ ಎಂಬ ಎಂಜಿನಿಯರ್ ಇದ್ದರು. ಅವರ ಉಪಕರಣ ಯುದ್ಧದಲ್ಲಿ ಬಳಕೆಗೆ ಬರಲಿಲ್ಲ. ಆದರೆ ಅದರ ಗಣಿತ ಗುಪ್ತ ವರದಿಯ ರೂಪದಲ್ಲಿ 1942ರಲ್ಲಿ ಎಂಜಿನಿಯರುಗಳ ಕೈ ಸೇರಿ, ಮುಂದೆ ದೂರಸಂಪರ್ಕ ವಿಜ್ಞಾನಕ್ಕೆ ಆಧಾರವಾಯಿತು.

ಈ ಕಾರ್ಯದಿಂದ ವೀನರ್ ಅವರಿಗೆ ಒಂದು ಮುಖ್ಯ ವಿಚಾರ ಹೊಳೆಯಿತು. ದೋಣಿ ಎಡಕ್ಕೆ ವಾಲಿದರೆ ಅಂಬಿಗನು ಚುಕ್ಕಾಣಿಯನ್ನು ತಿರುಗಿಸುತ್ತಾನೆ, ಬಲಕ್ಕೆ ವಾಲಿದರೆ ಮತ್ತೆ ತಿದ್ದುತ್ತಾನೆ. ಮಾಡಿದ ಕೆಲಸದ ಫಲವನ್ನು ನೋಡಿ ಮುಂದಿನ ಕೆಲಸವನ್ನು ತಿದ್ದಿಕೊಳ್ಳುವ ಈ ಕ್ರಮಕ್ಕೆ ಹಿಮ್ಮಾಹಿತಿ ಎಂದು ಹೆಸರು. ನೀರಿನ ಲೋಟಕ್ಕೆ ಚಾಚುವ ಕೈಯಲ್ಲಿ ನಡೆಯುವುದೂ ಇದೇ, ಉಗಿಯಂತ್ರದ ವೇಗವನ್ನು ಹದದಲ್ಲಿಡುವ ಉಪಕರಣದಲ್ಲಿ ನಡೆಯುವುದೂ ಇದೇ. ಮೆಕ್ಸಿಕೊದ ಶರೀರವಿಜ್ಞಾನಿ ಆರ್ಟೂರೊ ರೋಸೆನ್‌ಬ್ಲೂತ್ ಅವರೊಡನೆ ಈ ವಿಷಯವನ್ನು ಅಧ್ಯಯನ ಮಾಡಿದ ವೀನರ್, ಪ್ರಾಣಿಗಳಲ್ಲಿಯೂ ಯಂತ್ರಗಳಲ್ಲಿಯೂ ನಿಯಂತ್ರಣದ ಮೂಲತತ್ತ್ವ ಒಂದೇ ಎಂದು ಪ್ರತಿಪಾದಿಸಿದರು. ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿಯುವವನನ್ನು ಸೂಚಿಸುವ ಪದದಿಂದ ಈ ಹೊಸ ಶಾಸ್ತ್ರಕ್ಕೆ ಸೈಬರ್ನೆಟಿಕ್ಸ್ ಎಂದು ಹೆಸರಿಟ್ಟರು. ಅದೇ ಹೆಸರಿನ ಅವರ ಗ್ರಂಥ 1948ರಲ್ಲಿ ಪ್ರಕಟವಾಗಿ, ಗಣಿತಸೂತ್ರಗಳಿಂದ ತುಂಬಿದ್ದರೂ ಲೋಕದ ಗಮನವನ್ನು ಸೆಳೆಯಿತು.

ಅಷ್ಟರಲ್ಲಿ ಅವರ ಬದುಕಿಗೆ ಹೊಸ ತಿರುವು ಬಂದಿತ್ತು. 1945ರ ಆಗಸ್ಟ್ ತಿಂಗಳಲ್ಲಿ ಹಿರೋಷಿಮಾ, ನಾಗಸಾಕಿ ನಗರಗಳ ಮೇಲೆ ಅಣುಬಾಂಬು ಬಿದ್ದಿತು. ವಿಜ್ಞಾನಿಗಳ ಜ್ಞಾನ ಅವರ ಕೈಮೀರಿ ಹೋದರೆ ಏನಾಗುತ್ತದೆಂಬುದನ್ನು ಕಂಡು ವೀನರ್ ತಲ್ಲಣಿಸಿದರು. ಮರುವರ್ಷ ವಿಮಾನ ಕಂಪನಿಯೊಂದರ ಸಂಶೋಧಕರು ಕ್ಷಿಪಣಿಗಳ ನಿರ್ಮಾಣಕ್ಕಾಗಿ ಅವರ ಯುದ್ಧಕಾಲದ ವರದಿಯನ್ನು ಕೇಳಿದಾಗ ಕೊಡಲು ನಿರಾಕರಿಸಿದರು. ಹೊಣೆಗೇಡಿಗಳ ಕೈಯಲ್ಲಿ ಹಾನಿ ಮಾಡಬಹುದಾದ ಯಾವ ಕೃತಿಯನ್ನೂ ಇನ್ನು ಪ್ರಕಟಿಸಲಾರೆನೆಂಬ ಅವರ ಪತ್ರ 1947ರ ಜನವರಿಯಲ್ಲಿ ಅಟ್ಲಾಂಟಿಕ್ ಮಂತ್ಲಿ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಸೇನೆಯ ಹಣದಿಂದ ನಡೆಯುವ ಸಂಶೋಧನೆಯಿಂದ ಅವರು ದೂರ ಸರಿದರು.

ಯುದ್ಧದ ಯಂತ್ರವನ್ನು ನಿರಾಕರಿಸುವುದು ಸುಲಭವೆಂದು ತೋರಬಹುದು. ಶಾಂತಿಕಾಲದ ಉದ್ಯಮದ ಆಹ್ವಾನವನ್ನು ನಿರಾಕರಿಸುವುದು ಇನ್ನೂ ಕಠಿಣ. ಅಂತಹ ಪರೀಕ್ಷೆಯೂ ಬೇಗನೆ ಎದುರಾಯಿತು. ದೊಡ್ಡ ಉದ್ಯಮ ಸಂಸ್ಥೆಯೊಂದು ಯಂತ್ರಗಳ ಸ್ವಯಂಚಾಲನೆಯ ವಿಷಯದಲ್ಲಿ ಸಲಹೆ ನೀಡುವಂತೆ ಅವರನ್ನು ಕೇಳಿತು. ಆ ಸಲಹೆಯ ಫಲವೇನೆಂದು ವೀನರ್ ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು. ಚಿಕ್ಕದೊಂದು ಗಣಕಯಂತ್ರ, ಕಣ್ಣಿನಂತೆ ನೋಡುವ ಉಪಕರಣ, ಕೈಯಂತೆ ಹಿಡಿಯುವ ಸಾಧನ ಇವನ್ನು ಜೋಡಿಸಿದರೆ ಮೋಟಾರು ಕಾರ್ಖಾನೆಯ ಜೋಡಣೆಯ ಸಾಲು ಕಾರ್ಮಿಕರಿಲ್ಲದೆಯೇ ನಡೆಯಬಲ್ಲುದು. ಸಿದ್ಧತೆಯಿಲ್ಲದೆ ಅದು ಬಂದರೆ ಲಕ್ಷಾಂತರ ಮನೆಗಳ ಅನ್ನಕ್ಕೆ ಕುತ್ತು. ವೀನರ್ ಆ ಆಹ್ವಾನವನ್ನು ಒಪ್ಪಲಿಲ್ಲ.

ಆದರೆ ತಾನೊಬ್ಬನು ಸುಮ್ಮನಿದ್ದರೆ ಆಗುವುದೇನು? ತನಗೆ ಹೊಳೆದುದು ನಾಳೆ ಇನ್ನೊಬ್ಬನಿಗೆ ಹೊಳೆಯುತ್ತದೆ. ಮೌನದಿಂದ ಕೈ ಶುದ್ಧವಾಗಿ ಉಳಿಯಬಹುದೇ ಹೊರತು ಯಾರಿಗೂ ರಕ್ಷಣೆ ದೊರೆಯದು. ಈ ಯೋಚನೆಯಿಂದ ಅವರು ಅಸಾಮಾನ್ಯವಾದ ಒಂದು ಹೆಜ್ಜೆಯಿಟ್ಟರು. 1949ರ ಆಗಸ್ಟ್ 13ರಂದು ಅಮೆರಿಕದ ಮೋಟಾರು ಕಾರ್ಮಿಕರ ಸಂಘದ ಅಧ್ಯಕ್ಷರಾದ ವಾಲ್ಟರ್ ರೂಥರ್ ಅವರಿಗೆ ಪತ್ರ ಬರೆದರು. ಬರಲಿರುವ ಯಂತ್ರದ ಸ್ವರೂಪವನ್ನು ವಿವರಿಸಿ, ಹತ್ತಿಪ್ಪತ್ತು ವರ್ಷಗಳಲ್ಲಿ ಅದು ಕಾರ್ಖಾನೆಗಳನ್ನು ಹೊಗಬಹುದೆಂದು ತಿಳಿಸಿದರು. ಒಂದೋ ಯಂತ್ರದ ಲಾಭದಲ್ಲಿ ಕಾರ್ಮಿಕರಿಗೆ ಪಾಲು ದೊರೆಯುವಂತೆ ಸಂಘವು ಮುಂಚಿತವಾಗಿ ಏರ್ಪಾಡು ಮಾಡಬೇಕು, ಇಲ್ಲವೇ ಈ ವಿಚಾರವನ್ನೇ ತಡೆಹಿಡಿಯಬೇಕು. ಯಾವುದನ್ನು ಆರಿಸಿಕೊಂಡರೂ ಪ್ರತಿಫಲ ಬಯಸದೆ ಬೆಂಬಲಿಸುವುದಾಗಿ ಬರೆದರು. ಯಾರ ಬದುಕಿನ ಮೇಲೆ ಯಂತ್ರದ ಪರಿಣಾಮವಾಗುವುದೋ ಅವರಿಗೆ ಅದು ಮೊದಲೇ ತಿಳಿದಿರಬೇಕೆಂಬುದು ಆ ಪತ್ರದ ತಿರುಳು.

ರೂಥರ್ ಅದನ್ನು ಕಡೆಗಣಿಸಲಿಲ್ಲ. ತಂತಿಯ ಮೂಲಕ ಆಸಕ್ತಿಯನ್ನು ತಿಳಿಸಿದರು. ಮುಂದೆ ಇಬ್ಬರೂ ಭೇಟಿಯಾಗಿ ಚರ್ಚಿಸಿದರು. 1955ರಲ್ಲಿ ಅಮೆರಿಕದ ಶಾಸನಸಭೆಯ ಸಮಿತಿಯೊಂದು ಯಾಂತ್ರೀಕರಣದ ವಿಚಾರಣೆ ನಡೆಸಿದಾಗ ರೂಥರ್ ಅದರ ಮುಂದೆ ಕಾರ್ಮಿಕರ ಪರವಾಗಿ ಹೇಳಿಕೆ ನೀಡಿದರು. ಆದರೂ ವಿಜ್ಞಾನಿಗಳೂ ಕಾರ್ಮಿಕರೂ ಒಂದಾಗಿ ಹೊಸ ಯಂತ್ರಗಳ ಪರಿಣಾಮವನ್ನು ತೂಗಿ ನೋಡುವ ಶಾಶ್ವತ ವ್ಯವಸ್ಥೆಯೊಂದು ವೀನರ್ ಬಯಸಿದಂತೆ ರೂಪುಗೊಳ್ಳಲಿಲ್ಲ.

ವೀನರ್ ತಮ್ಮ ವಿಚಾರವನ್ನು ಜನಸಾಮಾನ್ಯರ ಮುಂದಿಡಲು ನಿಶ್ಚಯಿಸಿದರು. ಮಾನವರನ್ನು ಮಾನವೀಯವಾಗಿ ಬಳಸುವುದನ್ನು ಕುರಿತ ಅವರ ಪುಸ್ತಕ 1950ರಲ್ಲಿ ಹೊರಬಂದಿತು. ಮೊದಲ ಕೈಗಾರಿಕಾ ಕ್ರಾಂತಿ ತೋಳಿನ ಬೆಲೆಯನ್ನು ಇಳಿಸಿತು, ಎರಡನೆಯದು ಸಾಮಾನ್ಯ ಮಿದುಳಿನ ಬೆಲೆಯನ್ನು ಇಳಿಸುತ್ತದೆ ಎಂಬುದು ಅವರ ವಾದ. ಹಾಗೆಂದು ಅವರು ಯಂತ್ರದ ವೈರಿಯಾಗಿರಲಿಲ್ಲ. ದಿನವಿಡೀ ಒಂದೇ ತಿರುಪನ್ನು ಬಿಗಿಯುವ ಕೆಲಸ ಮನುಷ್ಯನ ಶಕ್ತಿಗೆ ಅವಮಾನವೆಂದೂ, ಅದನ್ನು ಯಂತ್ರಕ್ಕೆ ಒಪ್ಪಿಸುವುದೇ ಸರಿಯೆಂದೂ ಅವರು ಭಾವಿಸಿದ್ದರು. ಉಳಿದ ಸಮಯ, ಉಳಿದ ಹಣ ಯಾರಿಗೆ ಸೇರಬೇಕೆಂಬುದೇ ಅವರ ಪ್ರಶ್ನೆ. ತರುವಾಯ ಉದ್ಯಮಗಳ ವ್ಯವಸ್ಥಾಪಕರ ಎರಡು ದೊಡ್ಡ ಸಭೆಗಳಲ್ಲಿ ಅವರು ಭಾಗವಹಿಸಿದರು. ಅಲ್ಲಿದ್ದ ಅನೇಕರು ತಮ್ಮ ಸಾಮಾಜಿಕ ಹೊಣೆಯನ್ನು ಅರಿತಿದ್ದುದನ್ನು ಕಂಡು ಸಂತೋಷಪಟ್ಟು, 1954ರಲ್ಲಿ ಪುಸ್ತಕವನ್ನು ಪರಿಷ್ಕರಿಸಿದಾಗ ಆ ಮಾತನ್ನೂ ಸೇರಿಸಿದರು. ಟೀಕಿಸುವಷ್ಟೇ ಪ್ರಾಮಾಣಿಕವಾಗಿ ಮೆಚ್ಚುವ ಗುಣವೂ ಅವರಲ್ಲಿತ್ತು.

ಭಾರತದೊಡನೆಯೂ ಅವರಿಗೆ ನಂಟಿತ್ತು. 1954ರ ಆರಂಭದಲ್ಲಿ ಹೈದರಾಬಾದಿನಲ್ಲಿ ಸೇರಿದ ಭಾರತೀಯ ವಿಜ್ಞಾನ ಸಮ್ಮೇಳನಕ್ಕೆ ಅವರು ಬಂದಿದ್ದರು. ಪ್ರಶಾಂತಚಂದ್ರ ಮಹಲನೋಬಿಸ್ ಸ್ಥಾಪಿಸಿದ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ 1955–56ರಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಹಲವು ತಿಂಗಳು ನೆಲೆಸಿ, ತರುಣ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಅಲ್ಲಿ ಭಾರತೀಯ ಗಣಿತಜ್ಞ ಪಿ. ಆರ್. ಮಸಾನಿ ಅವರೊಡನೆ ಕೂಡಿ ಸಂಶೋಧನೆ ನಡೆಸಿದರು. ವೀನರ್ ಅವರ ವಿಸ್ತಾರವಾದ ಜೀವನಚರಿತ್ರೆಯೊಂದನ್ನು ಮುಂದೆ ಬರೆದವರು ಇದೇ ಮಸಾನಿ.

ಇಷ್ಟರಲ್ಲಿ ಯಂತ್ರಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. 1955ರಲ್ಲಿ ಜಾನ್ ಮೆಕಾರ್ಥಿ ಮತ್ತು ಅವರ ಸಂಗಡಿಗರು ಕೃತಕ ಬುದ್ಧಿಮತ್ತೆ ಎಂಬ ಅರ್ಥದ ಹೊಸ ಹೆಸರನ್ನು ಬಳಕೆಗೆ ತಂದರು. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಆರ್ಥರ್ ಸ್ಯಾಮ್ಯುಯೆಲ್ ಚೆಕರ್ಸ್ ಎಂಬ ಮಣೆಯಾಟವನ್ನು ಗಣಕಯಂತ್ರಕ್ಕೆ ಕಲಿಸಿದರು. ಆಟದ ಸ್ಥಿತಿಯ ಯಾವ ಲಕ್ಷಣಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಆಡುತ್ತ ಆಡುತ್ತ ತಾನೇ ತಿದ್ದಿಕೊಂಡ ಆ ಯಂತ್ರ, ಕೆಲವೇ ಗಂಟೆಗಳ ಅಭ್ಯಾಸದ ಬಳಿಕ ತನ್ನನ್ನು ರೂಪಿಸಿದವನಿಗಿಂತಲೂ ಚೆನ್ನಾಗಿ ಆಡತೊಡಗಿತು.

1960ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ವೀನರ್ ಇದರ ಅರ್ಥವನ್ನು ಬಿಡಿಸಿದರು. ಕಲಿಯುವ ಯಂತ್ರ ಮನುಷ್ಯನಿಗಿಂತ ವೇಗವಾಗಿ ಕೆಲಸ ಮಾಡುತ್ತದೆ. ಅದು ತಪ್ಪುದಾರಿ ಹಿಡಿದುದು ಮನುಷ್ಯನಿಗೆ ತಿಳಿಯುವ ಹೊತ್ತಿಗೆ ಅನಾಹುತ ಮುಗಿದಿರಬಹುದು. ಆದುದರಿಂದ ಯಂತ್ರಕ್ಕೆ ಕೊಡುವ ಗುರಿ ಮನುಷ್ಯನ ನಿಜವಾದ ಬಯಕೆಯೇ ಎಂಬುದನ್ನು ಮೊದಲೇ ಪರೀಕ್ಷಿಸಬೇಕು. ಬಾಯಾರಿದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಬೇಡಿದುದನ್ನು ಅಕ್ಷರಶಃ ಕೊಟ್ಟು ಬೇಡಿದವನನ್ನೇ ಸಂಕಟಕ್ಕೆ ನೂಕುವ ಮಂತ್ರಗಳ ಪಾಶ್ಚಾತ್ಯ ಕಥೆಗಳನ್ನು ಅವರು ಉದಾಹರಿಸಿದರು. ಮುಂದಾಲೋಚನೆಯಿಲ್ಲದೆ ವರಕೊಟ್ಟು ತಾನೇ ಓಡಬೇಕಾಗಿ ಬಂದ ಶಿವನ ಮತ್ತು ಭಸ್ಮಾಸುರನ ಕಥೆಯನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಸ್ಯಾಮ್ಯುಯೆಲ್ ಅದೇ ವರ್ಷ ಅದೇ ಪತ್ರಿಕೆಯಲ್ಲಿ ಇದನ್ನು ಖಂಡಿಸಿ, ಯಂತ್ರಕ್ಕೆ ಸ್ವಂತ ಇಚ್ಛೆಯಿಲ್ಲ, ಮನುಷ್ಯನು ವಿಧಿಸಿದುದನ್ನು ಮಾತ್ರ ಅದು ಮಾಡುತ್ತದೆಂದು ವಾದಿಸಿದರು. ಇಬ್ಬರಲ್ಲಿ ಯಾರ ಮಾತನ್ನು ಒಪ್ಪಿದರೂ ಹೊಣೆ ಬಂದು ನಿಲ್ಲುವುದು ಮನುಷ್ಯನ ಬಾಗಿಲಿನಲ್ಲಿಯೇ.

ಯಂತ್ರವನ್ನು ಮುಂದಿಟ್ಟುಕೊಂಡು ಹೊಣೆಯಿಂದ ನುಣುಚಿಕೊಳ್ಳುವವರನ್ನು ವೀನರ್ ತಮ್ಮ ಕೊನೆಯ ಪುಸ್ತಕದಲ್ಲಿ ಕಟುವಾಗಿ ಟೀಕಿಸಿದರು. ತೀರ್ಮಾನ ಮಾಡಿದುದು ತಾನಲ್ಲ, ಯಂತ್ರ ಎಂದು ಹೇಳಿ ಕೈತೊಳೆದುಕೊಳ್ಳುವುದು ಅವರ ದೃಷ್ಟಿಯಲ್ಲಿ ಯಂತ್ರದ ಪೂಜೆಯೇ ಆಗಿತ್ತು. ಯಂತ್ರಕ್ಕೆ ಸಲ್ಲುವ ಕೆಲಸ ಯಂತ್ರಕ್ಕೆ, ಮನುಷ್ಯನಿಗೆ ಸಲ್ಲುವ ಕೆಲಸ ಮನುಷ್ಯನಿಗೆ ಎಂಬುದು ಅವರ ನಿಲುವು. ಇದೇ ವಿದ್ಯೆ ಮಾಡಬಲ್ಲ ಉಪಕಾರವನ್ನೂ ಅವರು ತೋರಿಸಿಕೊಟ್ಟರು. ಕಿವುಡರು ಬೆರಳುಗಳ ಸ್ಪರ್ಶದಿಂದ ಮಾತನ್ನು ಅರಿಯುವಂತೆ ಮಾಡುವ ಉಪಕರಣಕ್ಕಾಗಿ ಶ್ರಮಿಸಿದರು. 1961ರಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದಾಗಲೂ, ಅಂಗವಿಹೀನರ ಸ್ನಾಯುವಿನ ವಿದ್ಯುತ್ ಸಂಕೇತದಿಂದಲೇ ಚಲಿಸುವ ಕೃತಕ ತೋಳಿನ ವಿಚಾರವನ್ನು ಅಲ್ಲಿಯ ವೈದ್ಯರೊಡನೆ ಚರ್ಚಿಸಿದರು. ಅಂತಹ ತೋಳೊಂದನ್ನು ಬಾಸ್ಟನ್ ನಗರದ ವೈದ್ಯರೂ ಎಂಜಿನಿಯರುಗಳೂ ಕೂಡಿ ನಿರ್ಮಿಸಿದರು.

1964ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಅವರ ಹಸ್ತದಿಂದ ವೀನರ್ ರಾಷ್ಟ್ರೀಯ ವಿಜ್ಞಾನ ಪದಕವನ್ನು ಸ್ವೀಕರಿಸಿದರು. ಅದೇ ವರ್ಷ ಮಾರ್ಚ್ 18ರಂದು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 69 ವರ್ಷ. ಅವರ ಕೊನೆಯ ಪುಸ್ತಕಕ್ಕೆ ಮರುವರ್ಷ ಅಮೆರಿಕದ ರಾಷ್ಟ್ರೀಯ ಗ್ರಂಥ ಪ್ರಶಸ್ತಿ ದೊರೆಯಿತು.

ವೀನರ್ ಹೇಳಿದುದೆಲ್ಲ ಹೇಳಿದಂತೆಯೇ ನಡೆಯಲಿಲ್ಲ. 1930ರ ದಶಕದ ಆರ್ಥಿಕ ಕುಸಿತವನ್ನೂ ಮೀರಿಸುವ ನಿರುದ್ಯೋಗ ಬರಬಹುದೆಂದು ಅವರು ಅಂಜಿದ್ದರು. ಅವರು ಸೂಚಿಸಿದ ಅವಧಿಯಲ್ಲಿ ಅದು ಬರಲಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಹಳತಾಗಲಿಲ್ಲ. ಇಂದು ಕೃತಕ ಬುದ್ಧಿಮತ್ತೆ ಉದ್ಯಮಗಳಲ್ಲಿ ಉದ್ಯೋಗದ ಅರ್ಜಿಗಳನ್ನು ಸೋಸುತ್ತದೆ, ಸಾಲ ಕೇಳಿದವನ ಯೋಗ್ಯತೆಯನ್ನು ಅಳೆಯುತ್ತದೆ, ಗ್ರಾಹಕರಿಗೆ ಉತ್ತರಿಸುತ್ತದೆ. ಹಿಂದಿನ ತೀರ್ಮಾನಗಳನ್ನು ನೋಡಿ ಅದು ಕಲಿಯುತ್ತದೆ. ಆ ತೀರ್ಮಾನಗಳಲ್ಲಿ ಪಕ್ಷಪಾತವಿದ್ದರೆ ಅದನ್ನೂ ಕಲಿತು ಸಾವಿರಾರು ಜನರ ಮೇಲೆ ಒಮ್ಮೆಗೇ ಪ್ರಯೋಗಿಸುತ್ತದೆ. ಆದುದರಿಂದ ಬಳಕೆಗೆ ಮುನ್ನ ಅದನ್ನು ಪರೀಕ್ಷಿಸುವುದು, ಅದರ ತೀರ್ಪಿಗೆ ಉತ್ತರ ಹೇಳುವ ಒಬ್ಬ ಅಧಿಕಾರಿಯನ್ನು ಗೊತ್ತುಮಾಡುವುದು, ಅನ್ಯಾಯವಾದವನ ದೂರನ್ನು ಮನುಷ್ಯನೇ ಕೇಳುವುದು, ಬೇಕಾದಾಗ ಯಂತ್ರವನ್ನು ನಿಲ್ಲಿಸುವ ಅಧಿಕಾರವನ್ನು ಕೈಯಲ್ಲಿರಿಸಿಕೊಳ್ಳುವುದು, ಇವು ಉದ್ಯಮದ ಕರ್ತವ್ಯಗಳೆಂಬ ತಿಳಿವಳಿಕೆ ಬೆಳೆಯುತ್ತಿದೆ. ಯೂರೋಪಿನ ಒಕ್ಕೂಟ 2024ರಲ್ಲಿ ರಚಿಸಿದ ಕಾನೂನು, ಹೆಚ್ಚಿನ ಅಪಾಯವುಳ್ಳ ಇಂತಹ ವ್ಯವಸ್ಥೆಗಳ ಮೇಲೆ ಮನುಷ್ಯರ ಮೇಲ್ವಿಚಾರಣೆ ಇರಬೇಕೆಂದು ವಿಧಿಸಿದೆ.

ತಾನು ಕಂಡ ಶಾಸ್ತ್ರಕ್ಕೆ ವೀನರ್ ಯಂತ್ರದ ಹೆಸರನ್ನಿಡದೆ ಅಂಬಿಗನ ಹೆಸರನ್ನಿಟ್ಟರು. ದೋಣಿ ಎಷ್ಟೇ ಬಲವಾಗಿರಲಿ, ಎಲ್ಲಿಗೆ ಹೋಗಬೇಕೆಂಬುದು ಅದಕ್ಕೆ ತಿಳಿಯದು. ದಡವನ್ನು ನಿಶ್ಚಯಿಸುವುದೂ, ದೋಣಿಯಲ್ಲಿ ಕುಳಿತವರ ಕ್ಷೇಮಕ್ಕೆ ಉತ್ತರ ಹೇಳುವುದೂ ಅಂಬಿಗನ ಕೆಲಸ. ಲಾಭ ತರಬಹುದಾಗಿದ್ದ ಆಹ್ವಾನವನ್ನು ಬಿಟ್ಟು, ತನ್ನನ್ನು ಅರಿಯದ ಕಾರ್ಮಿಕರಿಗಾಗಿ ಪತ್ರ ಬರೆದ ಆ ಗಣಿತಜ್ಞನು ತನ್ನ ಪಾಲಿನ ಚುಕ್ಕಾಣಿಯನ್ನು ಕೈಬಿಡಲಿಲ್ಲ.